ಕೆಂಪು ಗುಂಡಿ ಒತ್ತಿದ ಅತ್ತೆ

ಡೆಟ್ರಾಯಿಟ್ ಹತ್ತಿರದ ವಿಶ್ವವಿದ್ಯಾಲಯವೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕ್ಯಾಂಪಸ್ಸಿಗೆ ತನ್ನದೇ ಪೊಲೀಸರಿದ್ದಾರೆಂದು ಗೊತ್ತಿತ್ತು. ಪಾರ್ಕಿಂಗ್ ಟಿಕೆಟ್ ಬರೆಯುವುದನ್ನು ಬಿಟ್ಟರೆ ಅವರಿಗೇನು ಕೆಲಸವಿದ್ದೀತು ಎಂದುಕೊಂಡಿದ್ದೆ.

ಹೋದ ಫೆಬ್ರವರಿಯಲ್ಲಿ ಅತ್ತೆ, ನನ್ನ ಗಂಡನ ತಾಯಿ, ಮೈಸೂರಿನಿಂದ ಬಂದಿದ್ದರು. ಮೂವತ್ತು ವರ್ಷ ಬ್ಲೌಸ್ ಹೊಲಿದವರಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಪ್ಲಿಮತ್‌ನ ನಮ್ಮ ಮನೆಯಲ್ಲಿ ಒಬ್ಬರೇ ಇರಲು ಬೇಜಾರೆಂದು ಒಂದು ದಿನ ನನ್ನ ಜೊತೆ ಹೊರಟರು. ಅವರನ್ನು ಲೈಬ್ರರಿಯ ಕಿಟಕಿ ಪಕ್ಕ ಕೂರಿಸಿ, ಮಧ್ಯಾಹ್ನ ಬರುತ್ತೇನೆಂದು ಹೇಳಿ ಲ್ಯಾಬಿಗೆ ಹೋದೆ. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮೂರಿನ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿತ್ತು.

ಒಂದು ಗಂಟೆ ಕಳೆದಿರಬೇಕು, ಲ್ಯಾಬಿನ ಬಾಗಿಲಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಬಂದು ನಿಂತ. ಹಸಿರು ಸೀರೆಯ ಮೇಲೆ ಕೋಟು ಹಾಕಿಕೊಂಡ ಹಿರಿಯರೊಬ್ಬರು ಇಲ್ಲಿ ಯಾರಿಗಾದರೂ ಬೇಕಾದವರೇ ಎಂದು ಕೇಳಿದ. ನನ್ನ ಮುಖ ನೋಡಿದವನೇ, ಬೇರೇನೂ ಹೇಳುವ ಮೊದಲು, ಅವರು ಕ್ಷೇಮವಾಗಿದ್ದಾರೆ ಎಂದ. ಆಮೇಲೆ ನನ್ನನ್ನು ಕ್ಯಾಂಪಸ್ ಪೊಲೀಸರ ಸ್ಟೇಷನ್ನಿಗೆ ಕರೆದುಕೊಂಡು ಹೋದ.

ಅತ್ತೆ ಅಲ್ಲಿ ಕಂಬಳಿ ಹೊದ್ದು, ಪಾದಗಳನ್ನು ಬೆಚ್ಚನೆಯ ನೀರಿನಲ್ಲಿ ಇಳಿಬಿಟ್ಟು ಕೂತಿದ್ದರು. ಬಿಸಿಲು ಕಂಡು, ಲೈಬ್ರರಿಯನ್ನು ಹೊರಗಿನಿಂದ ಒಂದು ಸುತ್ತು ಹಾಕೋಣವೆಂದು ಎದ್ದರಂತೆ. ಮರಳಿ ಒಳಗೆ ಬರಲು ನೋಡಿದಾಗ ಬಾಗಿಲು ತಪ್ಪಿತು, ಆಮೇಲೆ ದಾರಿಯೂ ತಪ್ಪಿತು. ಇಟ್ಟಿಗೆ ಕಟ್ಟಡಗಳೆಲ್ಲ ಒಂದೇ ಥರ. ಫೋನು ಕುರ್ಚಿಯ ಮೇಲಿನ ಬ್ಯಾಗಿನಲ್ಲೇ ಉಳಿದಿತ್ತು. ಕ್ಯಾನ್ವಾಸ್ ಶೂ ಹಿಮದಲ್ಲಿ ನೆನೆದು ಕಾಲು ಮರಗಟ್ಟಿದಾಗ, ತುದಿಯಲ್ಲಿ ನೀಲಿ ದೀಪವಿದ್ದ ಕಂಬವೊಂದು ಕಂಡಿತು. ಆಪತ್ತಿನಲ್ಲಿರುವವರು ಕ್ಯಾಂಪಸ್ ಪೊಲೀಸರನ್ನು ಕರೆಯಲೆಂದು ನಿಲ್ಲಿಸಿದ ಕಂಬ ಅದು. ಅದರ ಕೆಂಪು ಗುಂಡಿ ಒತ್ತಿದರು.

ಸ್ಟೇಷನ್ನಿನಲ್ಲಿ ಆ ಕರೆ ತೆಗೆದುಕೊಂಡವರು ನರೆಗೂದಲಿನ ಒಬ್ಬ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿಯಲ್ಲಿದ್ದವರು. ಗುಂಡಿ ಒತ್ತಿದ ಕ್ಷಣವೇ ಯಾವ ಕಂಬವೆಂಬುದು ಅವರ ನಕ್ಷೆಯಲ್ಲಿ ಹೊಳೆಯುತ್ತದೆ. ಹತ್ತಿರದ ಕ್ಯಾಮೆರಾ ಅತ್ತ ತಿರುಗುತ್ತದೆ. ಹೀಗಾಗಿ ಕರೆದವರಿಗೆ ಮಾತನಾಡಲಾಗದಿದ್ದರೂ ಅವರು ಎಲ್ಲಿದ್ದಾರೆಂದು ತಿಳಿದುಬಿಡುತ್ತದೆ. ಅತ್ತೆಯ ಬಳಿಗೆ ಕಾರು ಹೊರಟ ಮೇಲೂ ಅವರು ಲೈನು ಬಿಟ್ಟಿರಲಿಲ್ಲ. ಗೊತ್ತಿಲ್ಲದ ಭಾಷೆಯ ನಡುವೆ ಮೂರು ಸಲ ಬಂದ ‘ಕೆಮಿಸ್ಟ್ರಿ’ ಎಂಬ ಒಂದೇ ಪದವನ್ನು ಹಿಡಿದು, ಇನ್ನೊಬ್ಬ ಅಧಿಕಾರಿಯನ್ನು ನಮ್ಮ ಕಟ್ಟಡಕ್ಕೆ ಕಳಿಸಿದ್ದರು. ಅವನು ಕೆಳಗಿನ ಮಹಡಿಯಿಂದ ಒಂದೊಂದೇ ಬಾಗಿಲು ತಟ್ಟುತ್ತ ನಾಲ್ಕನೆಯ ಮಹಡಿಯಲ್ಲಿದ್ದ ನನ್ನ ತನಕ ಬಂದಿದ್ದ.

ಆಕೆ ನನ್ನನ್ನು ಪಕ್ಕಕ್ಕೆ ಕರೆದರು. ನಿಮ್ಮ ಅತ್ತೆ ನನ್ನನ್ನು ಏನೋ ಪದೇ ಪದೇ ಕೇಳಿಕೊಂಡರು, ಅದೇನೆಂದು ತಿಳಿಯಬೇಕು ಎಂದು ರೆಕಾರ್ಡಿಂಗ್ ಹಾಕಿದರು.

ಗಾಳಿಯ ಸದ್ದಿನಲ್ಲಿ ಅತ್ತೆಯ ದನಿ ನಡುಗುತ್ತಿತ್ತು. “ಸೊಸೆ ಕೆಮಿಸ್ಟ್ರಿಲಿದಾಳಮ್ಮ. ನಂಗೆ ದಾರಿ ಗೊತ್ತಾಗ್ತಿಲ್ಲ.” ಈಕೆ ಇಂಗ್ಲಿಷಿನಲ್ಲಿ, ನೀವು ನನಗೆ ಕಾಣಿಸುತ್ತಿದ್ದೀರಿ, ಅಲ್ಲೇ ಇರಿ, ಕಾರು ತಿರುವಿನಲ್ಲಿದೆ ಎನ್ನುತ್ತಿದ್ದರು. ಒಂದು ಗಳಿಗೆ ಈ ಕಡೆ ಮೌನ. ಆಗ ಅತ್ತೆ ಹೇಳಿದರು: “ಮಾತು ನಿಲ್ಲಿಸ್ಬೇಡಿ. ನಂಗೆ ಅರ್ಥ ಆಗಲ್ಲ, ಆದ್ರೂ ಮಾತಾಡ್ತಾ ಇರಿ.”

ಅಲ್ಲಿಂದ ಮುಂದೆ ಈಕೆ ಉಸಿರು ತೆಗೆದುಕೊಳ್ಳಲೂ ನಿಂತಂತಿರಲಿಲ್ಲ. ಹವಾಮಾನ, ತಮ್ಮ ಮನೆಯ ನಾಯಿ, ಬೆಳಿಗ್ಗೆ ಸುಟ್ಟುಹೋದ ಟೋಸ್ಟು, ಬಾಯಿಗೆ ಬಂದದ್ದೆಲ್ಲ ಹೇಳಿದ್ದರು. ಕಾರಿನ ಬಾಗಿಲು ತೆರೆದ ಸದ್ದು ಕೇಳುವವರೆಗೂ ಹೇಳುತ್ತಲೇ ಇದ್ದರು.

ಅತ್ತೆ ಕೇಳಿಕೊಂಡದ್ದೇನೆಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟರು. ಅರ್ಥವಾಗದ ಮಾತನ್ನು ಇಷ್ಟು ಸರಿಯಾಗಿ ನಡೆಸಿಕೊಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅತ್ತೆಯ ಕಾಲಿನ ಎರಡು ಬೆರಳು ಒಂದು ವಾರ ಕೆಂಪಗಿದ್ದು ವಾಸಿಯಾದವು. ಭಾಷೆಯ ನೆರವಿಗೆ ಕರೆಯಬಹುದಾದವರ ಪಟ್ಟಿ ಸ್ಟೇಷನ್ನಿನಲ್ಲಿದೆಯೆಂದು ತಿಳಿದು, ಕನ್ನಡದ ಎದುರು ನನ್ನ ನಂಬರ್ ಬರೆಸಿದೆ.