ಪೂಜೆಯ ಹಿಂದಿನ ನೀಲಿ ವೈರು

ಹಾನಗಲ್ಲಿನ ಕಂಪ್ಯೂಟರ್ ಸೆಂಟರಿನ ಕೀಲಿಕೈ ಗೊಂಚಲು ಕೆಲವು ವರ್ಷ ನನ್ನ ಸೊಂಟದಲ್ಲಿತ್ತು. ಅದಕ್ಕೂ ಮೊದಲು ನಾನು ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನೆಂದು ಆಮೇಲೆ ತೂಕ ಬರೆಯುವ ಕೆಲಸ ಕೊಟ್ಟರು. ಮೊಣಕಾಲು ಸೋತು ಗಿರಣಿಯ ಮೆಟ್ಟಿಲು ಹತ್ತಲಾಗದೇ ಹೋದಾಗ ಈ ಸೆಂಟರ್ ಸಿಕ್ಕಿತು. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಚಹಾ ತರುವುದು, ಉಳಿದ ಹೊತ್ತು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರುವುದು. ನಾನು ಮಾಡಿದ್ದೆಲ್ಲ ಆ ಕುರ್ಚಿಗಾಗಿ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಮಾಲೀಕರಿಗೆ ಹಾನಗಲ್ಲಿನಂತೆಯೇ ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲೂ ಸೆಂಟರುಗಳಿದ್ದವು. ನಾಲ್ಕೂ ಕಡೆಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವಳು ಸವಣೂರಿನ ಒಬ್ಬ ಮುಸಲ್ಮಾನರ ಹುಡುಗಿ. ಅವಳ ತಂದೆಗೆ ಅಲ್ಲಿನ ಪೇಟೆಯಲ್ಲಿ ವೀಳ್ಯದೆಲೆ ಅಂಗಡಿ. ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಬರುವಳು. ನನ್ನನ್ನು ಕಾಕಾ ಎನ್ನುತ್ತಿದ್ದಳು. ಬರುವಾಗ ನನಗೆಂದು ಎಲೆ ತರುತ್ತಿದ್ದಳು.

ಕಂಪ್ಯೂಟರುಗಳಿಗೆ ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ತುಂಬಬೇಕಾದಾಗ ಅವಳು ಒಂದೊಂದರ ಮುಂದೆ ಕೂರುತ್ತಿರಲಿಲ್ಲ. ಮೂಲೆಯ ಸರ್ವರಿನಲ್ಲಿ ಎಲ್ಲ ಸಿದ್ಧಮಾಡಿಟ್ಟು, ವೈರಿನ ಮೂಲಕವೇ ಎಲ್ಲದಕ್ಕೂ ಒಟ್ಟಿಗೆ ಕಳಿಸುತ್ತಿದ್ದಳು. ಅದು ಹೇಗೆಂದು ಒಮ್ಮೆ ಕೇಳಿದ್ದೆ.

"ಕಾಕಾ, ಖಾಲಿ ಮಿಷನ್ ಎದ್ದಾಗ ಅದಕ್ಕ ಏನೂ ಗೊತ್ತಿರಂಗಿಲ್ಲ. ನನ್ನ ವಿಳಾಸ ಏನು, ನಾ ಏನು ಓದಬೇಕು ಅಂತ ವೈರಿನಾಗ ಒದರತೈತಿ. ಸರ್ವರ್ ಕೇಳಿಸ್ಕೊಂಡು ಉತ್ತರ ಕೊಡತೈತಿ."

"ಉತ್ತರ ಬರಲಿಲ್ಲಂದ್ರ?"

"ಸ್ವಲ್ಪ ಹೊತ್ತು ಒದರಿ ಸುಮ್ಮನಾಗತೈತಿ. ನೀವು ಚಹಾದಂಗಡಿಯಂವ ಓಗೊಡಲಿಲ್ಲಂದ್ರ ಬೈಕೋತ ಹೊಳ್ಳಿ ಬರ್ತೀರಲ್ಲ, ಹಂಗ."

ಎಲ್ಲ ವೈರುಗಳೂ ಗೋಡೆಯ ಕಪಾಟಿನೊಳಗಿನ ಒಂದು ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಆ ಕಪಾಟಿನ ಕೀಲಿಕೈ ನನ್ನ ಬಳಿ ಇದ್ದರೂ ಒಳಗಿನ ಪೆಟ್ಟಿಗೆಯನ್ನು ಮುಟ್ಟಬಾರದೆಂದು ಮಾಲೀಕರು ಖಡಕ್ಕಾಗಿ ಹೇಳಿದ್ದರು. "ಅದಕ್ಕ ಕೈ ಹಚ್ಚಿದಿ ಅಂದ್ರ ಮರುದಿನ ಗಿರಣಿಗೇ ಹೋಗು" ಎಂದಿದ್ದರು.

ಆ ವರ್ಷ ದಸರೆ ಮುಗಿದ ಮರುದಿನವೇ ನಮ್ಮ ಸೆಂಟರಿನಲ್ಲಿ ನೌಕರಿಯ ಪರೀಕ್ಷೆಯೊಂದು ನಡೆಯುವುದಿತ್ತು. ಪರೀಕ್ಷೆಯವರ ಷರತ್ತಿನಂತೆ ಎಲ್ಲ ಯಂತ್ರಗಳಿಗೂ ಹೊಸದಾಗಿ ಸಿಸ್ಟಮ್ ತುಂಬಬೇಕಾಗಿತ್ತು. ಹುಡುಗಿ ಹಿಂದಿನ ವಾರವೇ ಬಂದು ಸರ್ವರ್ ಸಿದ್ಧಮಾಡಿ, ಒಂದು ಯಂತ್ರಕ್ಕೆ ತುಂಬಿ ನೋಡಿದ್ದಳು. ಸರಿಯಾಗಿ ಬಂದಿತ್ತು. ಉಳಿದವನ್ನು ದಸರೆಯ ದಿನ ಮಾಡುತ್ತೇನೆಂದು ಹೋದಳು. "ನಿಮ್ಮ ಹಬ್ಬ, ನೀವು ಬನ್ನಿಗೆ ಹೋಗ್ರಿ. ನಾ ನೋಡ್ಕೋತೇನಿ" ಎಂದಿದ್ದಳು.

ದಸರೆಯ ಹಿಂದಿನ ದಿನ, ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆಂದು, ಎಲ್ಲ ಬಂದ್ ಮಾಡಿ ನಾನೇ ಒರೆಸಿದೆ. ಮಾಲೀಕರ ಹೆಂಡತಿ, ನಮ್ಮ ಅಮ್ಮನವರು, ಬಂದು ಪೂಜೆ ಮಾಡುವುದಿತ್ತು. ಕಪಾಟು ಮಾತ್ರ ಧೂಳು ತುಂಬಿ ನಿಂತಿದ್ದು ನನಗೆ ಸರಿ ಕಾಣಲಿಲ್ಲ. ಕೀಲಿ ತೆಗೆದು ಪೆಟ್ಟಿಗೆಯನ್ನು ಅರಿವೆಯಿಂದ ಒರೆಸಿದೆ. ಒಂದು ನೀಲಿ ವೈರಿನ ಒಂದು ತುದಿ ಪೆಟ್ಟಿಗೆಯಲ್ಲಿತ್ತು, ಇನ್ನೊಂದು ತುದಿ ಕೆಳಗೆ ಜೋತಾಡುತ್ತಿತ್ತು. ಗಿರಣಿಯಲ್ಲಿ ನಾವು ಕಳಚಿದ ಬೆಲ್ಟನ್ನು ಹಾಗೇ ಬಿಟ್ಟು ಯಂತ್ರಕ್ಕೆ ಕುಂಕುಮ ಹಚ್ಚುತ್ತಿರಲಿಲ್ಲ. ಪೂಜೆಗೆ ನಿಂತ ಯಂತ್ರ ಪೂರ್ತಿ ಜೋಡಿಸಿರಬೇಕು. ಆ ರೂಢಿಯಲ್ಲೇ ಜೋತಾಡುವ ತುದಿಯನ್ನು ಎತ್ತಿ ಅದೇ ಪೆಟ್ಟಿಗೆಯ ಖಾಲಿ ತೂತಿಗೆ ಸಿಕ್ಕಿಸಿದೆ. ಟಕ್ ಎಂದು ಕೂತಿತು. ಕಪಾಟಿಗೆ ಕೀಲಿ ಹಾಕಿದೆ. ಅದರ ಮುಂದೆ ಕಳಸ, ಕಾಯಿ, ಕುಂಬಳಕಾಯಿ ಇಟ್ಟು ಅಮ್ಮನವರು ಪೂಜೆ ಮಾಡಿದರು.

ದಸರೆಯ ದಿನ ಹುಡುಗಿ ಬಂದು ಯಂತ್ರಗಳನ್ನು ಹಚ್ಚಿದಳು. ಕರಿ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿ, ಚುಕ್ಕೆ ಚುಕ್ಕೆಯಾಗಿ ಮುಂದೆ ಸಾಗಿ ನಿಂತುಬಿಡುತ್ತಿತ್ತು. ವಿಳಾಸ ಸಿಗಲಿಲ್ಲ ಎಂದು ಬರುತ್ತಿತ್ತು. ಎಲ್ಲದರಲ್ಲೂ ಅದೇ. ಅವಳು ಸರ್ವರ್ ಆರಿಸಿ ಮತ್ತೆ ಹಚ್ಚಿದಳು. ವೈರು ಬದಲಿಸಿದಳು. ಯಂತ್ರದ ಒಳಗಿನ ಸೆಟ್ಟಿಂಗ್ ನೋಡಿದಳು. ಕೊನೆಗೆ ಒಂದು ಯಂತ್ರವನ್ನು ಹೊತ್ತು ತಂದು ಸರ್ವರಿಗೆ ನೇರವಾಗಿ ವೈರು ಹಾಕಿದಳು. ಅದು ತಕ್ಷಣ ಎದ್ದಿತು.

"ಅಂದ್ರ ಸರ್ವರ್ ಚಲೋ ಐತಿ, ಮಿಷನ್‌ನೂ ಚಲೋ ಐತಿ. ನಡುವಿಂದು ಕೆಟ್ಟೈತಿ. ಕಾಕಾ, ಕಪಾಟು ತೆಗಿರಿ."

ನೀಲಿ ವೈರು ನೆನಪಾಗಿತ್ತು. ಅದೇ ಕಾರಣವೆಂಬ ಖಾತ್ರಿ ನನಗೆ ಆಗ ಇರಲಿಲ್ಲ. ಆದರೆ ಮುಟ್ಟಬಾರದ್ದನ್ನು ಮುಟ್ಟಿದ್ದೇನೆಂಬ ಖಾತ್ರಿ ಇತ್ತು.

"ಪೂಜಿ ಇಟ್ಟಾರವಾ. ಅಮ್ಮಾರ ಬಂದು ಕಳಸ ಇಳಸೋತನಕ ಅಳ್ಳಾಡಿಸಬಾರ್ದು" ಎಂದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬೇರೆ ಯಾರಿಗಾದರೂ ಆ ಮಾತು ಆಡಿದ್ದರೆ ಅವರು "ಏ ಸರಿ ಮುದುಕಾ" ಎಂದು ಕಳಸ ಎತ್ತಿ ಪಕ್ಕಕ್ಕಿಡುತ್ತಿದ್ದರು. ಅವಳು ಎತ್ತುವವಳಲ್ಲ. ಬೇರೆಯವರ ಪೂಜೆಗೆ ಕೈ ಹಚ್ಚಿದಳೆಂಬ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅದಕ್ಕೇ ಹಾಗೆ ಹೇಳಿದೆ.

ಮಾಲೀಕರಿಗೆ ಫೋನ್ ಮಾಡಿದಳು. ಅವರು ಹಬ್ಬದ ಮಂದಿಯ ನಡುವೆ ಇದ್ದರು. "ಕಪಾಟಿಂದು ಅವನ್ನ ಕೇಳು, ಕೀಲಿಕೈ ಅವನ ಕಡೆ ಐತಿ" ಎಂದು ಇಟ್ಟುಬಿಟ್ಟರು.

"ಹಂಗಾದ್ರ ನೀವರ ನೋಡ್ರಿ ಕಾಕಾ. ನಾ ದೂರ ನಿಂದರ್ತೇನಿ. ಪೆಟ್ಟಿಗಿ ಮ್ಯಾಲಿನ ದೀಪ ಹೆಂಗ ಅದಾವ ಹೇಳ್ರಿ ಸಾಕು. ಒಂದೊಂದ ನಿಧಾನ ಮಿಣಕತಾವೋ, ಎಲ್ಲಾ ಒಮ್ಮಿಗೇ ಹುಚ್ಚ ಹಿಡದಂಗ ಮಿಣಕತಾವೋ?"

ಅವಳು ಬಾಗಿಲ ಹೊರಗೆ ನಿಂತಳು. ನಾನು ಕಳಸದ ಪಕ್ಕದಿಂದ ಕೈ ತೂರಿಸಿ ಕೀಲಿ ತೆಗೆದು ಕಪಾಟಿನ ಬಾಗಿಲು ಓರೆ ಮಾಡಿದೆ. ಹಸಿರು ದೀಪಗಳೆಲ್ಲ ಒಟ್ಟಿಗೆ, ಎಡೆಬಿಡದೆ ಹೊಡೆದುಕೊಳ್ಳುತ್ತಿದ್ದವು.

"ನಿಧಾನ ಮಿಣಕತಾವ ತಂಗಿ" ಎಂದೆ.

ಅವಳು ನನ್ನನ್ನು ನಂಬಿದಳು. ಕಪಾಟಿನ ವಿಚಾರ ಬಿಟ್ಟು ತನ್ನ ಕೆಲಸದಲ್ಲೇ ತಪ್ಪು ಹುಡುಕತೊಡಗಿದಳು. ಸರ್ವರಿನಲ್ಲಿ ತಾನು ಬರೆದಿಟ್ಟದ್ದನ್ನೆಲ್ಲ ಅಳಿಸಿ ಮೊದಲಿನಿಂದ ಮಾಡಿದಳು. ಮತ್ತೆ ಅಳಿಸಿದಳು. ಊಟಕ್ಕೆ ಏಳಲಿಲ್ಲ. ನಾನು ಸಂಜೆ ಬನ್ನಿ ಮುಡಿದು ಬಂದಾಗ ಯಂತ್ರಗಳನ್ನು ಒಂದೊಂದಾಗಿ ಎದೆಗವಚಿ ಸರ್ವರಿನ ಬಳಿ ತಂದು ತುಂಬುತ್ತಿದ್ದಳು. ಮುಖ ಕಪ್ಪಿಟ್ಟಿತ್ತು. ನಾನು ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದೆ. ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಮಾಸೂರು, ಹಿರೇಕೆರೂರು ಕಡೆಯ ಹುಡುಗ ಹುಡುಗಿಯರು ಪರೀಕ್ಷೆಗೆಂದು ಬಂದು ವರಾಂಡದಲ್ಲಿ ನಿಂತರು. ಹೊತ್ತು ತಂದು ತುಂಬಿದ ಯಂತ್ರಗಳು ಎದ್ದವು. ಆದರೆ ವೈರು ಜೋಡಿಸಿದರೆ ಅವಕ್ಕೂ ಸರ್ವರ್ ಸಿಗಲಿಲ್ಲ. ಪರೀಕ್ಷೆಯವರು ಎಲ್ಲರನ್ನೂ ಶಿಗ್ಗಾಂವಿಗೆ ಕಳಿಸಿದರು. ಮಾಲೀಕರು ಮಂದಿಯ ಮುಂದೆಯೇ ಕೂಗಿದರು.

"ಎಲಿ ಮಾರಾಕ ಹೋಗು! ನಿನಗ ಅದ ಬರೂದು. ಮಿಷನ್ ಮುಟ್ಟಬ್ಯಾಡ ಇನ್ನ!"

"ಸರ, ನಡುವ ಏನೋ ಆಗೇತ್ರಿ. ಕಪಾಟು ಒಮ್ಮೆ..."

"ಕಪಾಟು ನೋಡ್ಯಾನಂತಲ್ಲ ಅಂವ! ಏನಪಾ, ನೋಡಿದಿಲ್ಲೋ?"

"ನೋಡೇನ್ರಿ ಸರ. ಸರಿ ಐತ್ರಿ" ಎಂದೆ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಹೋಗುವಾಗಲೂ "ಬರ್ತೇನಿ ಕಾಕಾ" ಎಂದಳು.

ಮಾಲೀಕರು ಹಾವೇರಿಯಿಂದ ಬೇರೆಯವನನ್ನು ಕರೆಸಲು ಹೋದಾಗ ಸೆಂಟರಿನಲ್ಲಿ ನಾನೊಬ್ಬನೇ ಉಳಿದೆ. ಕಳಸ ಇಳಿಸಿದೆ. ಅಮ್ಮನವರು ಬರಲೇ ಇಲ್ಲ, ಯಾರೂ ಏನೂ ಕೇಳಲಿಲ್ಲ. ನೀಲಿ ವೈರಿನ ಆ ತುದಿಯನ್ನು ಕಿತ್ತೆ. ದೀಪಗಳು ಒಮ್ಮೆ ಆರಿ, ಒಂದೊಂದಾಗಿ ನಿಧಾನಕ್ಕೆ ಮಿನುಗತೊಡಗಿದವು. ಒಂದು ಯಂತ್ರ ಹಚ್ಚಿದೆ. ಚುಕ್ಕೆಗಳು ಸಾಗಿ, ವಿಳಾಸ ಸಿಕ್ಕಿ, ಪರದೆ ಬೆಳಗಿತು. ನನ್ನ ಕೈಯೇ ನನ್ನ ಮೇಲೆ ಸಾಕ್ಷಿ ಹೇಳಿದಂತಾಯಿತು. ಆಗಲೂ ಬಸ್‌ಸ್ಟ್ಯಾಂಡಿಗೆ ಓಡಿದ್ದರೆ ಅವಳು ಸಿಗುತ್ತಿದ್ದಳು. ನಾನು ಕಸಬರಿಗೆ ಹಿಡಿದು ಹೂವಿನ ಎಸಳು ಗುಡಿಸಿದೆ.

ಹಾವೇರಿಯವನು ಬಂದು ಎಲ್ಲ ಯಂತ್ರಗಳನ್ನೂ ಒಟ್ಟಿಗೇ ಎಬ್ಬಿಸಿದ. "ಏನೂ ಆಗಿಲ್ಲ ಬಿಡ್ರಿ. ಆ ಹುಡುಗಿಗೆ ಬರ್ತಿರಲಿಲ್ಲ ಅಷ್ಟ" ಎಂದ. ನಾನು ಅವನಿಗೆ ಚಹಾ ತಂದುಕೊಟ್ಟೆ.

ಕುರ್ಚಿ ಉಳಿಯಿತು. ಹೋದ ವರ್ಷ ಕಣ್ಣು ಮಂದವಾಗಿ ಅದನ್ನೂ ಬಿಟ್ಟೆ. ಬಿಟ್ಟ ಮೇಲೆ ಸವಣೂರಿಗೆ ಹೋದೆ. ಕಳೆದುಕೊಳ್ಳಲು ಏನೂ ಇಲ್ಲದಾಗ ಹೋದದ್ದನ್ನು ಧೈರ್ಯ ಎನ್ನಲಾರೆ. ಅವಳು ತಂದೆಯ ಅಂಗಡಿಯಲ್ಲಿ ಒದ್ದೆ ಗೋಣಿಯ ಮೇಲೆ ಎಲೆ ಆರಿಸುತ್ತ ಕೂತಿದ್ದಳು. "ಕಾಕಾ, ಬರ್ರಿ, ಕುಂತ್ಕೋರ್ರಿ!" ಎಂದು ಮೇಲೆದ್ದಳು. ನಾನು ನಿಂತೇ ಎಲ್ಲ ಹೇಳಿದೆ.

ಅವಳ ಕೈ ನಿಂತಿತು.

"ದೀಪ ಎಲ್ಲಾ ಒಮ್ಮಿಗೇ ಮಿಣಕಾಕತ್ತಿದ್ವು?"

"ಹೌದವಾ."

"ಒಂದ ವೈರಿನ ಎರಡೂ ತುದಿ ಒಂದ ಪೆಟ್ಟಿಗ್ಯಾಗ. ಒದರಿದ್ದು ಅದರಾಗ ಗಿರಿಗಿರಿ ತಿರುಗತೈತಿ. ಆ ಗದ್ದಲದಾಗ ಯಾರದೂ ಯಾರಿಗೂ ಕೇಳಂಗಿಲ್ಲ." ಪಾಠ ಒಪ್ಪಿಸುವವಳಂತೆ ಹೇಳಿ ಇನ್ನೊಂದು ಎಲೆ ಎತ್ತಿಕೊಂಡಳು. ಆಮೇಲೆ ಎಲೆ ನೋಡುತ್ತಲೇ ಅಂದಳು: "ಹುಬ್ಬಳ್ಳಿಯಾಗ ಕೆಲಸಕ್ಕ ಕರದಿದ್ರು. ನನಗ ಬರಂಗಿಲ್ಲ ಅಂತ ನಾನ ಹೋಗಲಿಲ್ಲ."

"ಮಾಲೀಕರಿಗೆ ಹೇಳ್ತೇನವಾ."

"ಹೇಳ್ರಿ" ಎಂದಳು. ಬೇಡ ಎನ್ನಬಹುದೆಂದು ನಾನು ಒಳಗೊಳಗೇ ಕಾದಿದ್ದೆ.

ಮಾಲೀಕರು ಈಗ ಹಿರೇಕೆರೂರಿನ ಸೆಂಟರಿನಲ್ಲಿ ಕೂರುತ್ತಾರೆ. ಅಲ್ಲಿಗೆ ಹೋಗಿ, ಅವಳ ಜಾಗದಲ್ಲಿ ಈಗ ಯಂತ್ರ ನೋಡಿಕೊಳ್ಳುವ ಹಾವೇರಿಯವನ ಎದುರಿಗೇ ಹೇಳಿದೆ. ಅವನು ತಲೆ ತಗ್ಗಿಸಿದ. ಮಾಲೀಕರು ನಕ್ಕರು.

"ಏ ಮುದುಕಾ, ಅದನ್ನ ಈಗ್ಯಾಕ ಕೆದಕತಿ? ಆದದ್ದಾತು."

"ಆಕಿಗೊಂದು ಫೋನ್ ಮಾಡ್ರಿ ಸರ. ತಪ್ಪು ಆಕಿದಲ್ಲ ಅಂತ ಒಂದ ಮಾತು."

"ಮಾಡೂನು, ಮಾಡೂನು."

ತಿಂಗಳು ಕಳೆದ ಮೇಲೆ ಮತ್ತೆ ಸವಣೂರಿಗೆ ಹೋದೆ. ಅಂಗಡಿಯಲ್ಲಿ ಅವಳೇ ಇದ್ದಳು.

"ಮಾಲೀಕರ ಫೋನ್ ಬಂತೇನವಾ?"

ಅವಳು ಎಲೆಯ ಕಟ್ಟು ಬಿಚ್ಚಿ ನೀರು ಚಿಮುಕಿಸಿದಳು. ಕಾಕಾ ಎನ್ನಲಿಲ್ಲ. ಕುಳಿತುಕೊಳ್ಳಿ ಎನ್ನಲೂ ಇಲ್ಲ.

"ಎಲಿ ಬೇಕೇನ್ರಿ?" ಎಂದಳು.

ಬೇಕು ಎಂದೆ. ಕಟ್ಟಿ ಕೊಟ್ಟು, ನನ್ನ ಹಿಂದೆ ನಿಂತಿದ್ದ ಗಿರಾಕಿಯ ಕಡೆ ತಿರುಗಿದಳು.