ಕುಂಕುಮ ಹಚ್ಚಿದ ಡಾಲರು

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಮಾತು ಚಹಾದ್ದಲ್ಲ, ಡಾಲರಿನದು. ಉಪ್ಪಲ್‌ನ ಎರಡು ಕೋಣೆಯ ಬಾಡಿಗೆ ಮನೆ; ಅಪ್ಪನ ಕೆಲಸಕ್ಕೆಂದು ಈ ತೆಲುಗು ಊರಿಗೆ ಬಂದವರು ನಾವು. ಅಪ್ಪ ಹಲ್ಲುಜ್ಜುವ ಮೊದಲೇ ಟಿವಿ ಹಚ್ಚುತ್ತಿದ್ದರು. ಅಡುಗೆಮನೆಯಿಂದ ಅವ್ವ ಕೇಳುತ್ತಿದ್ದಳು, "ಎಷ್ಟಾಗೇತ್ರಿ ಇವತ್ತ?" ಅಪ್ಪ ಜ್ವರ ನೋಡಿ ಹೇಳುವವರಂತೆ ಪೈಸೆ ಸಮೇತ ಹೇಳುತ್ತಿದ್ದರು. ಡಾಲರು ಏರಿದ ದಿನ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಏರಿದ ದಿನಗಳೇ ಹೆಚ್ಚು.

ಇದಕ್ಕೆಲ್ಲ ಕಾರಣ ನನ್ನ ತಂಗಿಯ ಓದು. ಇಲ್ಲಿ ಸರ್ಕಾರಿ ಮೆಡಿಕಲ್ ಸೀಟು ಕೂದಲೆಳೆಯಲ್ಲಿ ತಪ್ಪಿತು. ಖಾಸಗಿ ಕಾಲೇಜಿನ ಫೀ ಕೇಳಿ ಅಪ್ಪ ಕುರ್ಚಿ ಹಿಡಿದು ಕೂತರು. ಆಮೇಲೆ ಅವಳು ಕಿರ್ಗಿಸ್ತಾನಕ್ಕೆ ಡಾಕ್ಟರಿಕೆ ಓದಲು ಹೋದಳು. ಕೋರ್ಸು ಮುಗಿಯುವವರೆಗೂ ಒಂದೇ ಫೀ, ಡಾಲರಿನಲ್ಲಿ, ಅದರಲ್ಲಿ ಒಂದು ಡಾಲರೂ ಏರುವುದಿಲ್ಲ ಎಂದು ಏಜೆಂಟ ಎದೆ ತಟ್ಟಿ ಹೇಳಿದ್ದ. ಅವನು ಸುಳ್ಳು ಹೇಳಲಿಲ್ಲ. ಫೀ ಏರಲಿಲ್ಲ, ರೂಪಾಯಿ ಇಳಿಯಿತು. ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪನಿಗೆ ಸಂಬಳ ಬರುತ್ತಿದ್ದುದು ಆ ರೂಪಾಯಿಯಲ್ಲೇ. ಟಿವಿಯಲ್ಲಿ ಟೈ ಕಟ್ಟಿದ ಪಂಡಿತರು, ರೂಪಾಯಿ ಬಿದ್ದರೆ ರಫ್ತಿಗೆ ಒಳ್ಳೆಯದು, ಗಾಬರಿ ಬೇಡ ಎನ್ನುತ್ತಿದ್ದರು. ನಮ್ಮ ಮನೆಯಿಂದ ರಫ್ತಾಗಿದ್ದವಳು ತಂಗಿ ಒಬ್ಬಳೇ. ಆ ಪಂಡಿತರ ಮೇಲೆ ನನಗೆ ಈಗಲೂ ಸಿಟ್ಟಿದೆ.

ನಾಲ್ಕನೆಯ ವರ್ಷ ಅವಳು ರಜೆಗೆ ಬಂದಾಗ ಅಪ್ಪ ಡಾಲರು ಕೊಳ್ಳದೆ ಕಡೆಯ ವಾರದವರೆಗೂ ಕಾದರು. "ರಿಸರ್ವ್ ಬ್ಯಾಂಕ್ ಸುಮ್ನ ಕುಂದ್ರಂಗಿಲ್ಲ. ತನ್ನ ಡಾಲರ್ ಮಾರಿ ರೇಟ್ ಇಳಸತೈತಿ, ನೋಡತಿರ್ರಿ," ಎನ್ನುತ್ತಿದ್ದರು. ರಿಸರ್ವ್ ಬ್ಯಾಂಕಿಗೆ ತನ್ನದೇ ಯೋಚನೆಗಳಿದ್ದವು. ರೇಟು ಇಳಿಯಲಿಲ್ಲ, ಬ್ಯಾಂಕಿನ ಮೂಲಕ ಕಳಿಸಲು ಸಮಯವೂ ಉಳಿಯಲಿಲ್ಲ. ಪ್ರಯಾಣಿಕರು ಕೈಯಲ್ಲಿ ಒಯ್ಯಲು ಸರ್ಕಾರ ಬಿಟ್ಟಿರುವ ಮಿತಿಯೊಳಗೆ ಅರ್ಧ ವರ್ಷದ ಫೀ ಕೂರುತ್ತಿತ್ತು. ಅವಳ ಪಾಸ್‌ಪೋರ್ಟು, ಟಿಕೆಟ್ಟು ತೋರಿಸಿ ಅಮೀರ್‌ಪೇಟೆಯ ಕರೆನ್ಸಿ ಅಂಗಡಿಯಲ್ಲಿ ಹೊಸ ನೋಟುಗಳನ್ನು ತಂದೆವು. ಮಡಚಬೇಡಿ, ಪೆನ್ನು ತಾಗಿಸಬೇಡಿ ಎಂದು ಕೌಂಟರಿನವನು ತೆಲುಗಿನಲ್ಲಿ ಎಚ್ಚರಿಸಿ ಕೊಟ್ಟ. ಅಪ್ಪ ಕವರನ್ನು ಮೆಟ್ರೋದಲ್ಲಿ ಎಕ್ಸ್‌ರೇ ಹಿಡಿದಂತೆ ಹಿಡಿದು ಮನೆ ಸೇರಿದರು. ನಾವು ಮಡಚಲಿಲ್ಲ, ಪೆನ್ನನ್ನೂ ತಾಗಿಸಲಿಲ್ಲ.

ಹೊರಡುವ ದಿನ ಶುಕ್ರವಾರ. ಅವ್ವ ತಲೆಗೆ ನೀರು ಹಾಕಿಕೊಂಡು ನೋಟುಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಹರಡಿ ಲಕ್ಷ್ಮಿಯ ಮುಂದಿಟ್ಟಳು. ಒದ್ದೆ ಬೆರಳಿನಿಂದ ಪ್ರತಿ ನೋಟಿಗೂ ಅರಿಷಿಣ, ಕುಂಕುಮ ಹಚ್ಚಿದಳು. "ಒಂದಕ್ಕ ಹಚ್ಚಿ ಇನ್ನೊಂದಕ್ಕ ಬಿಟ್ರ ಹ್ಯಾಂಗ?" ಎಂದು ತನಗೆ ತಾನೇ ಹೇಳಿಕೊಂಡಳು. ನಮ್ಮಲ್ಲಿ ಇದು ಹೊಸದಲ್ಲ. ಅಪ್ಪನ ಬೋನಸ್ಸಿಗೆ, ಸ್ಕೂಟರಿಗೆ, ಹೊಸ ಮಿಕ್ಸರಿಗೆ, ನನ್ನ ಕೆಲಸದ ಆರ್ಡರಿಗೆ, ಎಲ್ಲಕ್ಕೂ ಅವ್ವನ ಬೆರಳು ಬಿದ್ದಿದೆ. ಕುಂಕುಮ ಹತ್ತಿದ ನೂರರ ನೋಟನ್ನು ತರಕಾರಿಯವನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾನೆ. ಅಪ್ಪ ಕೈ ಮುಗಿದರು, ನಾನೂ ಮುಗಿದೆ. ಯಾರ ತಲೆಗೂ ಏನೂ ಹೊಳೆಯಲಿಲ್ಲ.

ನಾಲ್ಕು ದಿನ ಬಿಟ್ಟು ನಾನು ಆಫೀಸಿನಲ್ಲಿದ್ದಾಗ ತಂಗಿಯ ಫೋನು ಬಂತು. ಕಾಲೇಜಿನ ಕ್ಯಾಷಿಯರ್ ನೋಟುಗಳನ್ನು ದೀಪಕ್ಕೆ ಹಿಡಿದು ನೋಡಿ, ಕಿಟಕಿಯಿಂದ ವಾಪಸ್ ತಳ್ಳಿದ್ದಳು. ಆ ಊರಿನಲ್ಲಿ ಕಲೆಯಾದ ಡಾಲರು ನಡೆಯುವುದಿಲ್ಲವಂತೆ. ಬೀದಿಯ ಕರೆನ್ಸಿ ಅಂಗಡಿಗಳೂ ಮುಟ್ಟಲಿಲ್ಲ, ಒಬ್ಬ ಮಾತ್ರ ಅರ್ಧ ಬೆಲೆಗೆ ಕೇಳಿದ. ಇವಳು ಹಾಸ್ಟೆಲಿನಲ್ಲಿ ಹತ್ತಿಗೆ ಸೋಪಿನ ನೀರು ಅದ್ದಿ ಒರೆಸಿದ್ದಾಳೆ. ಅರಿಷಿಣಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ನಮ್ಮ ಕಡೆಯ ಯಾವ ಹುಡುಗಿಗೆ ಗೊತ್ತಿಲ್ಲ? ಗಾಬರಿಯಲ್ಲಿ ಮರೆತಿದ್ದಳು. ಹಳದಿ ಹೋಗಿ ಕೆಂಪಾಯಿತು. "ರಕ್ತ ಹತ್ತಿದಂಗ ಕಾಣಾಕತ್ತಾವಕ್ಕಾ," ಎಂದು ಅತ್ತಳು. "ಫೀ ಕಟ್ಟದ ಪರೀಕ್ಷಿಗೆ ಕೂಡ್ಸಂಗಿಲ್ಲ. ಅವ್ವಗ ಮಾತ್ರ ಹೇಳಬ್ಯಾಡ."

ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಪಿ.ಎಫ್‌ನಲ್ಲಿ ಉಳಿದಿದ್ದನ್ನು ಬಿಡಿಸಿದರು. ಈ ಸಲ ಬ್ಯಾಂಕಿನ ಮೂಲಕವೇ ಕಳಿಸೋಣ ಎಂದು ಹೋದರೆ, ವಿದೇಶಕ್ಕೆ ಹಣ ಯಾಕೆ ಹೋಗುತ್ತಿದೆ ಎಂಬುದಕ್ಕೆ ಕಾಲೇಜಿನ ಪತ್ರ ಬೇಕೆಂದರು. ಪತ್ರ ರಷ್ಯನ್‌ನಲ್ಲಿ ಬಂತು. ಅದಕ್ಕೆ ಮೊಹರಿನ ಅನುವಾದ ಬೇಕೆಂದರು. ನಿಯಮ ಎಂದರೆ ನಿಯಮ, ಬ್ಯಾಂಕಿನವರ ತಪ್ಪೂ ಅಲ್ಲ. ಅನುವಾದ ಕೈಗೆ ಬರುವಷ್ಟರಲ್ಲಿ ರೇಟು ಇನ್ನೂ ಏರಿ, ಬಿಡಿಸಿದ ದುಡ್ಡು ಸಾಲದಾಯಿತು. ಎಲ್ಲ ಹೊಂದಿಸಿ ಕಳಿಸಿದಾಗ ಪರೀಕ್ಷೆಗೆ ಮೊದಲು ಫೀ ಕಟ್ಟುವ ಕೊನೆ ದಿನ ಕಳೆದಿತ್ತು. ಕಾಲೇಜಿನವರು ಹಣವನ್ನು ಮುಂದಿನ ಸೆಮಿಸ್ಟರಿಗೆ ಜಮಾ ಮಾಡಿಕೊಂಡು ಇವಳನ್ನು ಒಂದು ಸೆಮಿಸ್ಟರ್ ಹಿಂದೆ ಉಳಿಸಿದರು.

ಮುಂದಿನ ಸೆಮಿಸ್ಟರಿನವರೆಗೆ ತಂಗಿ ಮನೆಗೆ ಬಂದಳು. ಪರೀಕ್ಷೆ ಮುಂದೆ ಹೋಗಿದೆ ಎಂದು ಅವ್ವನಿಗೆ ಹೇಳಿದೆವು. ಅವಳು ವಾಪಸ್ ತಂದ ಆ ನೋಟುಗಳನ್ನು ನಾನು ಅಮೀರ್‌ಪೇಟೆಗೆ ಒಯ್ದೆ. ಅದೇ ಕೌಂಟರಿನವನು ಮೂಗಿಗೆ ಹಿಡಿದು, "ಪಸುಪು ಕದಾ ಅಮ್ಮಾ?" ಎಂದ. ಹೌದು, ಅರಿಷಿಣವೇ ಎಂದೆ. ಅವನು ನಗಲಿಲ್ಲ. ಇಂಥವು ತಮಗೂ ಬೇಡ ಎಂದು ಕವರಿಗೆ ಹಾಕಿ ವಾಪಸ್ ಕೊಟ್ಟ.

ಒಂದು ದಿನ ಅವ್ವ ಬಟ್ಟೆ ಇಡಲು ಕಪಾಟು ತೆಗೆದವಳು ನಾನು ಅಡಗಿಸಿಟ್ಟಿದ್ದ ಕವರನ್ನೂ ತೆಗೆದಳು. "ಇವು ಯಾಕ ಹೊಳ್ಳಿ ಬಂದಾವು?" ಎಂದು ಕೇಳಿದಳು. ತಂಗಿಗೆ ಸುಳ್ಳು ಹೇಳಲು ಬರುವುದಿಲ್ಲ. ಎಲ್ಲವನ್ನೂ ಹೇಳಿದಳು. ಅವ್ವ ಅಳಲಿಲ್ಲ. ಕೆಂಪಾದ ಗುರುತಿನ ಮೇಲೆ ತನ್ನ ಬೆರಳು ಇಟ್ಟು ನೋಡಿದಳು, ಗುರುತು ಬೆರಳಿನಷ್ಟೇ ಇತ್ತು. ಆಮೇಲೆ ನೋಟುಗಳನ್ನು ಲಕ್ಷ್ಮಿಯ ಫೋಟೋದ ಹಿಂದೆ ಇಟ್ಟಳು. "ಎಲ್ಲಾರೂ ಒಲ್ಲೆ ಅಂದ್ರ ಇನ್ನೇನ ಮಾಡೋದು, ಆಕಿನ ಇಟ್ಕೊಳ್ಳಲಿ," ಎಂದಳು. ಮರುದಿನದಿಂದ ಡಾಲರು ಎಷ್ಟಾಯಿತೆಂದು ಅವಳು ಕೇಳಲಿಲ್ಲ. ಅಪ್ಪ ಟಿವಿ ಹಚ್ಚಿ, ಕೇಳದಿದ್ದರೂ ಹೇಳಿ, ಹಲ್ಲುಜ್ಜಲು ಹೋಗುತ್ತಿದ್ದರು.

ತಂಗಿ ಮತ್ತೆ ಹೊರಟ ದಿನ ಕ್ಯಾಬ್ ಕೆಳಗೆ ಬಂದು ನಿಂತಿತ್ತು. ಹೊಸ್ತಿಲಲ್ಲಿ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ದೂರ ಹೋಗುವವರ ಹಣೆಗೆ ಕುಂಕುಮವಿಡದೆ ನಮ್ಮ ಮನೆಯಲ್ಲಿ ಯಾರನ್ನೂ ಕಳಿಸಿದ್ದಿಲ್ಲ. ತಂಗಿ ಬಗ್ಗಿ ಹಣೆ ಕೊಟ್ಟಳು. ಅವ್ವನ ಬೆರಳು ಕುಂಕುಮ ತೆಗೆದುಕೊಂಡಿತು, ಹಣೆಯ ಹತ್ತಿರ ಹೋಗಿ ನಿಂತಿತು.

"ಹಚ್ಚ ಅವ್ವಾ," ಎಂದಳು ತಂಗಿ.

"ಬ್ಯಾಡ ಯವ್ವಾ. ಅಲ್ಲಿ ನಿನ್ನೂ ತಗೊಳ್ಳಂಗಿಲ್ಲ ಅಂದ್ರ?"

ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ತಂಗಿ ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿ ನಿಂತಿದ್ದು, ಆಮೇಲೆ ಬರಿ ಹಣೆಯಲ್ಲಿ ಮೆಟ್ಟಿಲು ಇಳಿದಳು.