ಒದ್ದದ್ದಲ್ಲ, ತಾಗಿದ್ದು

ಆ ಬಿಲ್ಲೆಯನ್ನು ಒದ್ದದ್ದಲ್ಲ, ಅದು ಕಾಲಿಗೆ ತಾಗಿದ್ದು. ಇದನ್ನು ಇವತ್ತಿಗೂ ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಗೆ ಯಾರೇ ಬರಲಿ, ಚಹಾ ಕೊಡುವ ಮೊದಲು ಹೇಳುತ್ತೇನೆ. ಒಳಗಿನಿಂದ ನನ್ನ ಗಂಡ, "ಹೋಗ್ಲಿ ಬಿಡೇ, ಆಟ ಅಷ್ಟೇ" ಅನ್ನುತ್ತಾರೆ. ಅವರು ಬೆಂಗಳೂರಿನವರು, ಎಲ್ಲದಕ್ಕೂ ಹೋಗಲಿ ಬಿಡು. ನಾನು ಹುಬ್ಬಳ್ಳಿಯವಳು. ನಾವು ಅಷ್ಟು ಸುಲಭಕ್ಕೆ ಬಿಡುವವರಲ್ಲ.

ಬಿಲ್ಲೆ ಅಂದರೆ ಐಸ್ ಹಾಕಿಯ ಪಕ್, ಮಂಜುಗಡ್ಡೆಯ ಮೇಲೆ ಸುಂಯ್ ಎಂದು ಜಾರುವ ಅಂಗೈ ಅಗಲದ ಕಪ್ಪು ರಬ್ಬರ್ ತುಂಡು. ಮೊದಲ ಸಲ ನೋಡಿದಾಗ ನಮ್ಮ ಓಣಿಯ ಕುಂಟಾಬಿಲ್ಲೆ ನೆನಪಾಗಿ ನಾನು ಅದಕ್ಕೆ ಇಟ್ಟ ಹೆಸರು. ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಅವಳ ಗೆಳತಿಯ ಬರ್ತ್‌ಡೇ ಪಾರ್ಟಿ ಐಸ್ ರಿಂಕಿನಲ್ಲಿತ್ತು. ಪಾರ್ಟಿ ಮುಗಿದ ಮೇಲೆ ಅಲ್ಲೇ ಮ್ಯಾಚ್ ಇತ್ತು. ಸುಮ್ಮನೆ ನೋಡೋಣ ಅಂತ ಕೂತವರು ಮುಂದೆ ಪ್ರತಿ ಚಳಿಗಾಲವೂ ಅಲ್ಲೇ ಕೂತೆವು. ಗೋಲಿನ ಹಿಂದಿನ ಸೀಟು, ನಡುವೆ ಮಂಡಕ್ಕಿ ಗಿರ್ಮಿಟ್ಟಿನ ಡಬ್ಬಿ, ಇಬ್ಬರ ಕಾಲಿಗೂ ಒಂದೇ ರಗ್ಗು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಅಲ್ಲಿ ಮಾತ್ರ ತನಗೇ ಗೊತ್ತಿಲ್ಲದೆ "ವೇರ್ ಈಸ್ ದ ಬಿಲ್ಲೆ?" ಅಂತ ಕಿರುಚುತ್ತಿದ್ದಳು. ಪಕ್ಕದ ಸೀಟಿನಲ್ಲಿ ಸಿಡ್ನಿ ತಂಡದ ಬಣ್ಣದ ಉಣ್ಣೆ ಹೆಣೆಯುತ್ತ ಕೂರುವ ಒಬ್ಬ ಬಿಳಿಯ ಅಜ್ಜಿ ಇದ್ದಳು. ಅವಳಿಗೂ ಅದು ಬಿಲ್ಲೆಯೇ ಆಗಿಹೋಯಿತು.

ಆಮೇಲೆ ಮಗಳಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಹೊರಟ ದಿನ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಳು. ನನಗೆ ಖುಷಿಯಾಗಲಿ ಅಂತಲೇ ಇರಬೇಕು, ಕನ್ನಡದಲ್ಲಿ ಹೇಳಿದಳು: "ಅಮ್ಮಾ, ನಾನು ಹೋಗ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಹೊಸ್ತಿಲ ಮೇಲೆ ನಿಂತು ಯಾರಾದರೂ ಹಾಗೆ ಅನ್ನುತ್ತಾರೆಯೇ? ಹೊರಟವರು ಹೇಳಬೇಕಾದದ್ದು "ಬರ್ತೀನಿ" ಅಂತ. ಹೋಗ್ತೀನಿ ಅಂದರೆ ಮತ್ತೆ ಬರುವುದಿಲ್ಲ ಅಂದ ಹಾಗೆ.

"ಬಿಡ್ತು ಅನ್ನು!" ಎಂದು ಕೂಗಿದೆ. "ಇಷ್ಟ ವರ್ಷಕ್ಕ ಒಂದು ಕನ್ನಡ ಮಾತಾಡಿದಿ, ಅದೂ ಇಂಥಾದ್ದ? ಬರ್ತೀನಿ ಅನ್ನು!"

"ಬಟ್ ಐ ಆಮ್ ಗೋಯಿಂಗ್, ಅಮ್ಮ," ಅಂದಳು. ಹೋಗುವವಳು ಬರ್ತೀನಿ ಅಂತ ಯಾಕೆ ಸುಳ್ಳು ಹೇಳಬೇಕು ಅಂತ ಅವಳ ವಾದ. ಗಂಡ ಕಾರಿನ ಹಾರ್ನ್ ಹೊಡೆದರು, ಅವಳು ಹೋದಳು. ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಒಂದೂ ಕನ್ನಡದ ವಾಕ್ಯ ಬರಲಿಲ್ಲ.

ಫೋನ್ ಮಾಡಿದಾಗಲೆಲ್ಲ ನನ್ನದು ಒಂದೇ ಪ್ರಶ್ನೆ, "ವಾಪಸ್ ಯಾವಾಗ ಬರ್ತೀ?" ಅವಳದು ಒಂದೇ ಉತ್ತರ, "ಅಮ್ಮ, ಸ್ಟಾಪ್." ತಾಯಿ ಕೇಳಬಾರದ ಪ್ರಶ್ನೆಯೇ ಅದು? ಪಕ್ಕದ ಮನೆಯವರು ಕೇಳುತ್ತಾರೆ, ಹ್ಯಾರಿಸ್ ಪಾರ್ಕಿನ ಅಂಗಡಿಯವನು ಕೇಳುತ್ತಾನೆ, ನಾನು ಮಾತ್ರ ಬಾಯಿ ಮುಚ್ಚಿಕೊಂಡಿರಬೇಕಂತೆ.

ಈ ಸಲದ ಫೈನಲ್ ಸಿಡ್ನಿಗೂ ಮೆಲ್ಬರ್ನ್‌ಗೂ ಬಿತ್ತು. ಮೂರು ಆಟ, ಎರಡು ಗೆದ್ದವರಿಗೆ ಕಪ್. ಮೊದಲನೆಯದು ಮೆಲ್ಬರ್ನ್‌ನಲ್ಲಿ. ಗಿರ್ಮಿಟ್ಟಿನ ಮಸಾಲೆ ಕಟ್ಟಿಕೊಂಡು ವಿಮಾನ ಹತ್ತಿ ಮಗಳ ಫ್ಲ್ಯಾಟಿಗೆ ಹೋದರೆ, ಬಾಗಿಲು ತೆಗೆದವಳ ಮೈಮೇಲೆ ಮೆಲ್ಬರ್ನ್ ತಂಡದ ಜರ್ಸಿ!

"ಉಂಡ ಮನಿ ಜಂತಿ ಎಣಿಸಾಕಿ!" ಎಂದೆ, ಚಪ್ಪಲಿಯನ್ನೂ ಬಿಡದೆ.

"ಐ ಲಿವ್ ಹಿಯರ್, ಅಮ್ಮ," ಅಂದಳು ತಣ್ಣಗೆ.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವಳೇ ಪಂತ ಕಟ್ಟಿದಳು. ಕಪ್ ಮೆಲ್ಬರ್ನ್ ಗೆದ್ದರೆ, ಯಾವಾಗ ಬರ್ತೀಯಾ ಅಂತ ನಾನು ಇನ್ನು ಜನ್ಮದಲ್ಲಿ ಕೇಳಕೂಡದು. "ನೆವರ್," ಎಂದು ಬೆರಳೆತ್ತಿ ಹೇಳಿದಳು.

"ಸಿಡ್ನಿ ಗೆದ್ದರ?"

"ಸಿಡ್ನಿಯಲ್ಲೇ ಕೆಲಸ ಹುಡುಕುತ್ತೇನೆ," ಎಂದು ಇಂಗ್ಲಿಷಿನಲ್ಲಿ ಒಪ್ಪಿದಳು.

ಸಿಟ್ಟಿನಲ್ಲಿ ಅವಳ ಅಂಗೈಗೆ ಫಟ್ ಎಂದು ಕೈ ಬಡಿದೆ. ಅವತ್ತು ನಾವು ಸೋತೆವು. ಸುತ್ತ ಮೆಲ್ಬರ್ನ್‌ನವರು ಡೋಲು ಬಡಿದು ಕುಣಿಯುತ್ತಿದ್ದರು, ಅವರ ನಡುವೆ ನನ್ನ ಹೊಟ್ಟೆಯಿಂದ ಹುಟ್ಟಿದವಳೂ ಕುಣಿಯುತ್ತಿದ್ದಳು. ಡಬ್ಬಿಯಲ್ಲಿದ್ದ ಗಿರ್ಮಿಟ್ ಅವಳಿಗೆ ಕೊಡದೆ ಒಬ್ಬಳೇ ತಿಂದೆ.

ಮುಂದಿನ ವಾರದ ಶನಿವಾರ, ಸಿಡ್ನಿಯಲ್ಲಿ, ನಾವು ಗೆದ್ದೆವು. ಸಮ ಆಯಿತು. ಎಲ್ಲ ಮರುದಿನ ಅಲ್ಲೇ ನಡೆಯುವ ಭಾನುವಾರದ ಆಟಕ್ಕೆ ಬಂದು ನಿಂತಿತು. ಮಗಳೂ ಬಂದಿದ್ದಳು, ಆದರೆ ಎದುರು ಗೋಲಿನ ಹಿಂದೆ, ಮೆಲ್ಬರ್ನ್‌ನವರ ಗುಂಪಿನಲ್ಲಿ. ನಮ್ಮ ರಗ್ಗಿನ ಅರ್ಧ ನನ್ನ ಪಕ್ಕದ ಖಾಲಿ ಸೀಟಿನ ಮೇಲೆ ಬಿದ್ದಿತ್ತು.

ಮೂರನೆಯ, ಅಂದರೆ ಕೊನೆಯ ಪೀರಿಯಡ್ ಮುಗಿಯುತ್ತ ಬಂದಾಗಲೂ ಸ್ಕೋರ್ ಸಮ. ಆಗ ನಮ್ಮವನೊಬ್ಬ ದೂರದಿಂದ ಹೊಡೆದ ಬಿಲ್ಲೆ, ಗೋಲಿನ ಮುಂದೆ ನಿಂತಿದ್ದ ನಮ್ಮವನೇ ಇನ್ನೊಬ್ಬನ ಸ್ಕೇಟಿಗೆ ತಾಗಿ ಒಳಗೆ ಹೋಯಿತು. ನಾವು ಹಾರಿಬಿದ್ದೆವು! ಅಜ್ಜಿ ಹೆಣಿಗೆಯ ಕಡ್ಡಿ ಬಿಸಾಡಿ ನನ್ನನ್ನು ತಬ್ಬಿಕೊಂಡಳು. ಆಯಿತು, ಮಗಳು ಮನೆಗೆ ಬಂದಳು, ಅವಳ ಕೋಣೆಗೆ ಪೇಂಟ್ ಹೊಡೆಸಬೇಕು, ಅಂತ ತಲೆಯಲ್ಲಿ ಓಡಿತು.

ಅಷ್ಟರಲ್ಲಿ ರೆಫರಿ ಎರಡೂ ಕೈ ಅಡ್ಡಡ್ಡ ಬೀಸಿದ. ಗೋಲು ಇಲ್ಲ! ಸ್ಕೇಟಿಗೆ ತಾನಾಗಿ ತಾಗಿ ಹೋದರೆ ಗೋಲು, ಬೇಕೆಂದೇ ಒದ್ದರೆ ಅಲ್ಲ. ಇವನ ಕಣ್ಣಿಗೆ ಅದು ಒದ್ದ ಹಾಗೆ ಕಂಡಿತಂತೆ. ಕಾಲು ಅಲ್ಲಾಡಿಸದೆ ನಿಂತವನು ಒದೆಯುವುದು ಹೇಗೆ, ಯಾರಾದರೂ ಹೇಳಿ.

ಇಡೀ ಸ್ಟ್ಯಾಂಡ್ ಎದ್ದು ನಿಂತಿತು. ಗಾಜಿನ ತಡೆಗೋಡೆಗೆ ಧಡಧಡ ಗುದ್ದಿದರು, ಯಾರೋ ಚಿಪ್ಸ್ ಎಸೆದರು, ಚರ್ಚಿಗೆ ಹೋಗುವ ಆ ಅಜ್ಜಿಯ ಬಾಯಿಂದ ನಾನು ಇಲ್ಲಿ ಬರೆಯಲಾರದ ಮಾತುಗಳು ಬಂದವು. ನಾನು ನನ್ನ ಭಾಷೆಯಲ್ಲೇ ಕೂಗಿದೆ: "ನಿನ್ನ ಬಾಯಾಗ ಮಣ್ಣ ಹಾಕ! ಕಣ್ಣೇನು ಹಿತ್ತಲದಾಗ ಇಟ್ಟ ಬಂದೀಯೇನೋ!" ಗಂಟಲು ಕಿತ್ತುಹೋಯಿತು. ನಮ್ಮವರು ಆ ಸಿಟ್ಟಿನಲ್ಲೇ ಆಡಿದರು, ಸಿಟ್ಟಿನಲ್ಲಿ ಆಡಿದರೆ ಏನಾಗುತ್ತದೋ ಅದೇ ಆಯಿತು. ಕೊನೆಯ ಗಳಿಗೆಯಲ್ಲಿ ಮೆಲ್ಬರ್ನ್ ಗೋಲು ಹೊಡೆಯಿತು.

ಆಮೇಲೆ ನೋಡಬೇಕು ಈ ಜನರನ್ನು! ಈಗಷ್ಟೇ ಗಾಜು ಗುದ್ದಿದವರು ಮೆಲ್ಬರ್ನ್‌ನವರ ಕೈ ಕುಲುಕಿ "ಗುಡ್ ಗೇಮ್, ಮೇಟ್" ಅನ್ನುತ್ತಿದ್ದಾರೆ. ಅಜ್ಜಿ ಕೂಡ. ನಾನು ಎರಡೂ ಕೈಯನ್ನು ರಗ್ಗಿನೊಳಗೆ ಹುದುಗಿಸಿಕೊಂಡು ಕೂತೆ.

ಆ ಜರ್ಸಿ ಹಾಕಿಕೊಂಡೇ ಮಗಳು ಬಂದಳು. ಹಂಗಿಸಲು ಬಂದಳು ಅಂದುಕೊಂಡೆ. ಪಕ್ಕದಲ್ಲಿ ಕೂತು ಅರ್ಧ ರಗ್ಗು ಎಳೆದುಕೊಂಡಳು, ಡಬ್ಬಿ ತೆಗೆದು ಮೆತ್ತಗಾಗಿದ್ದ ಗಿರ್ಮಿಟ್ ತಿಂದಳು. ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು, "ಅವನು ಒದೆಯಲಿಲ್ಲ, ಅಮ್ಮ. ಬಿಲ್ಲೆ ತಾಗಿತು ಅಷ್ಟೇ. ನಾನು ಸರಿಯಾಗಿ ನೋಡಿದೆ. ಅದು ಗೋಲು."

ಆ ಬಿಲ್ಲೆ ಹೊಕ್ಕ ಗೋಲು ಇದ್ದದ್ದು ಅವಳ ಕಣ್ಣ ಮುಂದೆಯೇ. ಅವಳಿಗಿಂತ ದೊಡ್ಡ ಸಾಕ್ಷಿ ಬೇಕೆ? "ಹಂಗಾರ ನಾ ಪಂತ ಸೋತಿಲ್ಲ!" ಎಂದು ಎದ್ದು ನಿಂತೆ.

ಅವಳು ಬೋರ್ಡಿನ ಕಡೆ ಬೆರಳು ತೋರಿಸಿದಳು. "ಸ್ಕೋರ್ ನೋಡು, ಅಮ್ಮ." ಹಟದಲ್ಲಿ ಮಾತ್ರ ಪಕ್ಕಾ ಹುಬ್ಬಳ್ಳಿ. ಗೋಲು ನನ್ನದು ಅಂತ ಒಪ್ಪುತ್ತಾಳೆ, ಪಂತ ಮಾತ್ರ ಬಿಡುವುದಿಲ್ಲ.

ಏರ್‌ಪೋರ್ಟಿಗೆ ಹೊರಟ ಅವಳ ಗೆಳೆಯರು ಪಾರ್ಕಿಂಗ್‌ನಿಂದ ಫೋನ್ ಮಾಡಿದರು. ನಾನೂ ಅವಳ ಜೊತೆ ರಿಂಕಿನ ಬಾಗಿಲಿನ ತನಕ ಹೋದೆ. ಯಾವಾಗ ಅನ್ನುವ ಮಾತು ನಾಲಿಗೆ ತುದಿಯಲ್ಲೇ ಇತ್ತು. ಕೈ ಬಡಿದು ಕೊಟ್ಟ ಮಾತು, ಹಲ್ಲು ಕಚ್ಚಿ ನಿಂತೆ. ಹೊರಗೆ ಎರಡು ಹೆಜ್ಜೆ ಇಟ್ಟವಳು ತಿರುಗಿದಳು. ಪರೀಕ್ಷೆಗೆ ಬಾಯಿಪಾಠ ಒಪ್ಪಿಸುವವಳ ಹಾಗೆ ತಡೆತಡೆದು ಹೇಳಿದಳು:

"ಅಮ್ಮಾ. ಬರ್ತೀನಿ."

ಹೊರಡುವವರು ಸುಮ್ಮನೆ ಅನ್ನುವ ಬರ್ತೀನಿಯೋ, ನಿಜವಾಗಿ ಬರುತ್ತೇನೆ ಅನ್ನುವ ಬರ್ತೀನಿಯೋ? ಯಾವಾಗ ಅಂತ ಒಂದು ಮಾತು ಕೇಳಿದ್ದರೆ ತಿಳಿದುಹೋಗುತ್ತಿತ್ತು. ಕೇಳುವ ಹಾಗಿಲ್ಲ. ಆ ರೆಫರಿಯ ಬಾಯಾಗ ಮಣ್ಣ ಹಾಕ.